ಗಡ್ಡ ಕಸಿಯ ನಂತರ ಕೆಂಪು ಉಳಿದುಕೊಂಡರೆ: ಕಾರಣ ಹುಡುಕುವ ಬಗೆ

ಗಡ್ಡಕ್ಕೋ ಮೀಸೆಗೋ ಕೂದಲು ಕಸಿ ಮಾಡಿಸಿಕೊಂಡವರು ಮೊದಲ ವಾರದ ಕೆಂಪಿಗೆ ಅಷ್ಟಾಗಿ ಹೆದರುವುದಿಲ್ಲ. ಹೀಗಾಗುತ್ತೆ ಅಂತ ವೈದ್ಯರು ಮೊದಲೇ ಹೇಳಿರುತ್ತಾರೆ. ಹೆದರಿಕೆ ಶುರುವಾಗುವುದು ಮೂರ್ನಾಲ್ಕು ವಾರ ಕಳೆದ ಮೇಲೆ. ಹಕ್ಕಳೆ ಉದುರಿದೆ, ಊತ ಇಳಿದಿದೆ, ನೋವೂ ಇಲ್ಲ. ಕೆನ್ನೆ ಮಾತ್ರ ಇನ್ನೂ ಕೆಂಪಗಿದೆ. ಆಗ ಕೈ ಸುಮ್ನೆ ಇರುವುದಿಲ್ಲ. ಯಾರೋ ಹೇಳಿದ ಜೆಲ್, ಮನೆಯಲ್ಲಿ ಉಳಿದಿದ್ದ ಟ್ಯೂಬ್, ಹೊಸದೊಂದು ಸೀರಮ್, ಹೀಗೆ ಒಂದರ ಮೇಲೊಂದು ಹಚ್ಚುವುದು ಶುರುವಾಗುತ್ತದೆ. ತಿಂಗಳುಗಟ್ಟಲೆ ಎಳೆಯುವ ಕೆಂಪಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಮಾಯುವಾಗಿನ ಕೆಂಪು, ಸೋಂಕಿನ ಕೆಂಪು, ಅಲರ್ಜಿಯ ಕೆಂಪು, ಸ್ಟೀರಾಯ್ಡ್ ಕ್ರೀಮಿನ ಕೆಂಪು, ಇವೆಲ್ಲ ಕನ್ನಡಿಯಲ್ಲಿ ಒಂದೇ ಥರ ಕಾಣಬಹುದು. ಆದರೆ ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಅದಕ್ಕೇ ಮೊದಲು ನಿಮ್ಮದು ಯಾವ ಕೆಂಪು ಎಂದು ಪತ್ತೆ ಮಾಡಿ, ಹಚ್ಚುವ ಮಾತು ಆಮೇಲೆ.

ಇವು ಇದ್ದರೆ ಮುಂದೆ ಓದಬೇಡಿ, ವೈದ್ಯರಿಗೆ ಫೋನ್ ಮಾಡಿ

ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದೆ, ಮುಟ್ಟಿದರೆ ಬಿಸಿಯಾಗಿದೆ, ನೋವು ಏರುತ್ತಿದೆ, ಕೀವು ಬರುತ್ತಿದೆ, ಜ್ವರ ಅಥವಾ ಚಳಿ ಇದೆ, ದವಡೆಯ ಕೆಳಗೆ ಗಂಟು ಕೈಗೆ ಸಿಕ್ಕಿ ನೋಯುತ್ತಿದೆ. ಇಂಥ ಲಕ್ಷಣ ಕಂಡರೆ ಸೋಂಕಿನ ಅನುಮಾನ ಪಡಬೇಕು, ಅದೇ ದಿನ ತೋರಿಸಬೇಕು. ಮೇಲ್ದುಟಿ ಮತ್ತು ಮೂಗಿನ ಸುತ್ತಲಿನ ಸೋಂಕಿನ ಬಗ್ಗೆ ಇನ್ನೂ ಎಚ್ಚರ ಬೇಕು. ಆ ಭಾಗದ ರಕ್ತನಾಳಗಳಿಗೆ ತಲೆಬುರುಡೆಯೊಳಗಿನ ರಕ್ತನಾಳಗಳ ಜೊತೆ ಸಂಪರ್ಕವಿದೆ. ಸೋಂಕು ಅಲ್ಲಿಯವರೆಗೆ ಹೋಗುವುದು ತೀರಾ ಅಪರೂಪ, ಆದರೆ ಹೋದರೆ ಜೀವಕ್ಕೇ ಅಪಾಯ. ಹಾಗಾಗಿ ಮೀಸೆ ಕಸಿ ಮಾಡಿಸಿದವರು ಅಲ್ಲಿ ಎದ್ದ ಗುಳ್ಳೆಯನ್ನು ಹಿಸುಕಲೇಬಾರದು. ಕಣ್ಣಿನ ಸುತ್ತ ಊತ, ಜೋರು ತಲೆನೋವು, ದೃಷ್ಟಿ ಮಸುಕಾಗುವುದು ಜೊತೆಗೂಡಿದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.

ತುಟಿಯ ಸುತ್ತ ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಉರಿಯುತ್ತಿದ್ದರೆ ಅದು ಹರ್ಪಿಸ್ ಇರಬಹುದು. ಮೊದಲು ಯಾವಾಗಲೋ ಬಂದು ಹೋಗಿದ್ದ ಈ ವೈರಸ್ ಬಾಯಿಯ ಸುತ್ತ ಶಸ್ತ್ರಚಿಕಿತ್ಸೆ ಆದಾಗ ಮತ್ತೆ ಏಳುವುದುಂಟು. ಇದಕ್ಕೆ ಬೇಗ ಮಾತ್ರೆ ಶುರು ಮಾಡಿದಷ್ಟೂ ಒಳ್ಳೆಯದು. ಮೊದಲ ದಿನಗಳಲ್ಲಿ ಕಸಿ ಜಾಗದ ಒಂದು ಭಾಗ ಬೂದು, ನೇರಳೆ, ಆಮೇಲೆ ಕಪ್ಪು ಬಣ್ಣಕ್ಕೆ ತಿರುಗಿದರೆ ಅಲ್ಲಿಗೆ ರಕ್ತ ಸಾಲದೆ ಇರಬಹುದು. ಅದನ್ನೂ ತಡಮಾಡದೆ ತೋರಿಸಿ. ಸಿಗರೇಟು ಸೇದುವವರಲ್ಲಿ ಈ ಅಪಾಯ ಜಾಸ್ತಿ.

ಮಾಮೂಲಿ ಕೆಂಪು ಹೇಗಿರುತ್ತದೆ

ಕಸಿಯಲ್ಲಿ ಸಾಮಾನ್ಯವಾಗಿ ತಲೆಯ ಹಿಂಭಾಗದಿಂದ ಕೂದಲನ್ನು ಬುಡಸಮೇತ ತೆಗೆದು ಮುಖದಲ್ಲಿ ನೆಡುತ್ತಾರೆ. ಹೀಗೆ ನೆಡುವ ಒಂದೊಂದು ಬುಡಕ್ಕೂ, ಅಂದರೆ ಗ್ರಾಫ್ಟಿಗೂ, ಚರ್ಮದಲ್ಲಿ ಒಂದು ಸಣ್ಣ ಸೀಳು ಬೇಕು. ಸೀಳಿನ ಅಗಲ ಸುಮಾರು 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಆದರೆ ಪೂರ್ತಿ ಗಡ್ಡ ಎಂದರೆ ಇಂಥ ಸೀಳು 2000 ದಾಟುವುದು ಸಾಮಾನ್ಯ. ಅಂದರೆ ಮುಖದ ಮೇಲೆ ಅಷ್ಟು ಗಾಯಗಳು ಒಟ್ಟಿಗೇ ಮಾಯುತ್ತಿವೆ. ಅವುಗಳಿಗೆ ರಕ್ತ ಬೇಕು. ಇರುವ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಹೊಸವು ಹುಟ್ಟುತ್ತವೆ. ಮುಖದ ಚರ್ಮಕ್ಕೆ ಮೊದಲೇ ರಕ್ತ ಸಂಚಾರ ಹೆಚ್ಚು. ಹಾಗಾಗಿ ಕೆಂಪು ಎದ್ದು ಕಾಣುತ್ತದೆ.

ಹಕ್ಕಳೆ ಸಾಮಾನ್ಯವಾಗಿ 7ರಿಂದ 10 ದಿನದೊಳಗೆ ಉದುರುತ್ತದೆ. ಬಹಳ ಜನರಲ್ಲಿ ಕೆಂಪು ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ತೆಳು ಬಣ್ಣದ, ಬೇಗ ಕೆರಳುವ ಚರ್ಮದವರಲ್ಲಿ ಎರಡು ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಉಳಿಯಬಹುದು. ಒತ್ತೊತ್ತಾಗಿ ಕಸಿ ಮಾಡಿದ ಕಡೆ ಇನ್ನೂ ನಿಧಾನ.

ಇಲ್ಲಿ ಒಂದು ಗೊಂದಲ ಆಗುತ್ತದೆ. ನೆಟ್ಟ ಕೂದಲಿನ ಮೇಲ್ಭಾಗ ಸುಮಾರು ಎರಡರಿಂದ ಆರು ವಾರದ ನಡುವೆ ಉದುರುತ್ತದೆ. ಇದು ನಿರೀಕ್ಷಿತವೇ, ಬುಡ ಒಳಗೇ ಇರುತ್ತದೆ, ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಹುಟ್ಟಲು ಶುರುವಾಗುತ್ತದೆ. ಆದರೆ ಕೂದಲು ಉದುರಿದ ಕೂಡಲೇ ಅಡಿಯ ಚರ್ಮ ಬಯಲಾಗುತ್ತದೆ. ಕೆಂಪು ಅಷ್ಟೇ ಇದ್ದರೂ, ಕಡಿಮೆಯೇ ಆಗಿದ್ದರೂ, ಹೆಚ್ಚಾಯಿತು ಅನ್ನಿಸುತ್ತದೆ. ಮೂರನೇ ವಾರದಲ್ಲಿ ಗಾಬರಿಯಾಗುವವರಲ್ಲಿ ತುಂಬಾ ಜನರದ್ದು ಇದೇ ಕಥೆ.

ಕಂದು ಅಥವಾ ಕಪ್ಪು ಮೈಬಣ್ಣದವರಿಗೆ ಲೆಕ್ಕ ಬೇರೆ. ಅವರಲ್ಲಿ ಕೆಂಪು ಕೆಂಪಾಗಿ ಕಾಣುವುದು ಕಡಿಮೆ. ನೇರಳೆ, ಕಡುಗಂದು ಛಾಯೆಯಾಗಿ ಕಾಣುತ್ತದೆ. ಹಾಗಾಗಿ ಬಣ್ಣವನ್ನೇ ನಂಬದೆ ಬಿಸಿ, ನೋವು, ಊತ ಇದೆಯೇ ಎಂದು ಮುಟ್ಟಿ ನೋಡಬೇಕು.

ನಾಲ್ಕು ಪರೀಕ್ಷೆ, ಹತ್ತು ನಿಮಿಷದ ಕೆಲಸ

ಮೊದಲನೆಯದು ಫೋಟೊ. ದಿನಕ್ಕೆ ಹತ್ತು ಸಲ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ. ವಾರಕ್ಕೊಂದು ಫೋಟೊ ಸಾಕು. ಅದೇ ಕಿಟಕಿ, ಅದೇ ಹೊತ್ತು, ಅದೇ ದೂರ. ಫೋನಿನ ಬ್ಯೂಟಿ ಮೋಡ್ ಆಫ್ ಇರಲಿ. ಮುಖದ ಪಕ್ಕ ಒಂದು ಬಿಳಿ ಹಾಳೆ ಹಿಡಿದುಕೊಂಡರೆ ಕ್ಯಾಮೆರಾ ಬಣ್ಣ ಬದಲಿಸಿದೆಯೇ ಎಂಬುದೂ ತಿಳಿಯುತ್ತದೆ. ಬಿಸಿನೀರಿನ ಸ್ನಾನ, ವ್ಯಾಯಾಮ, ಖಾರದ ಊಟ, ಮದ್ಯ ಇವುಗಳ ಹಿಂದೆಯೇ ಫೋಟೊ ತೆಗೆಯಬೇಡಿ. ಇವೆಲ್ಲ ಮುಖಕ್ಕೆ ರಕ್ತ ಏರಿಸುತ್ತವೆ. ಮೂರು ವಾರದ ಫೋಟೊ ಪಕ್ಕಪಕ್ಕ ಇಟ್ಟು ನೋಡಿ. ನಿಧಾನವಾಗಿಯಾದರೂ ಇಳಿಯುತ್ತಿದ್ದರೆ ಅರ್ಧ ಉತ್ತರ ಸಿಕ್ಕಿತು.

ಎರಡನೆಯದು ಗಡಿ. ಕೆಂಪು ಕಸಿ ಮಾಡಿದ ಜಾಗದ ಒಳಗೇ ನಿಂತಿದೆಯೇ? ಮಾಯುವಾಗಿನ ಕೆಂಪು ಸೀಳು ಇರುವ ಕಡೆಯೇ ಇರುತ್ತದೆ, ಗಡ್ಡದ ಆಕಾರವನ್ನೇ ಹೋಲುತ್ತದೆ. ಕುತ್ತಿಗೆಗೆ, ಮೂಗಿನ ಪಕ್ಕಕ್ಕೆ, ಕಿವಿಗೆ, ಕಣ್ಣಿನ ಕೆಳಗೆ ದಾಟಿದ್ದರೆ ಬೇರೆ ಕಾರಣ ಹುಡುಕಬೇಕು. ನೀವು ಕ್ರೀಮ್ ಎಲ್ಲೆಲ್ಲಿ ಹಚ್ಚುತ್ತೀರೋ ಅಲ್ಲೆಲ್ಲ ಕೆಂಪಾಗಿದ್ದರೆ ಕಾರಣ ಹೆಚ್ಚುಕಡಿಮೆ ಸಿಕ್ಕಂತೆಯೇ.

ಮೂರನೆಯದು ಗಾಜು. ತೊಳೆದು ಒರೆಸಿದ, ಅಂಚು ಮೊಂಡಾಗಿರುವ ಗಾಜಿನ ಲೋಟವನ್ನು ಚರ್ಮದ ಮೇಲೆ ಮೆಲ್ಲಗೆ ಒತ್ತಿ ಅದರ ಮೂಲಕ ನೋಡಿ. ಹಕ್ಕಳೆ ಪೂರ್ತಿ ಉದುರಿ, ಗಾಯ ಮುಚ್ಚಿಕೊಂಡ ಮೇಲೆ ಮಾತ್ರ ಇದನ್ನು ಮಾಡಿ. ಅದಕ್ಕೂ ಮುಂಚೆ ಒತ್ತಿದರೆ ಗ್ರಾಫ್ಟ್ ಅಲುಗಬಹುದು. ಒತ್ತಿದಾಗ ಬಣ್ಣ ಮಾಯವಾಗಿ ಬಿಟ್ಟಾಗ ಮರಳಿದರೆ ಅದು ಹಿಗ್ಗಿದ ರಕ್ತನಾಳದ ಕೆಂಪು. ಒತ್ತಿದರೂ ಕಂದು ಉಳಿದರೆ ಅದು ಚರ್ಮದ ಬಣ್ಣದ ಕಲೆ. ಕಡುಗೆಂಪಾಗಿಯೇ ಉಳಿದರೆ ಚರ್ಮದೊಳಗೆ ಸೋರಿದ ರಕ್ತ ಇರಬಹುದು. ಒಂದು ಮಾತು ನೆನಪಿರಲಿ: ಸೋಂಕಿನ ಕೆಂಪೂ ಒತ್ತಿದರೆ ಮಾಯವಾಗುತ್ತದೆ. ಗಾಜಿನಲ್ಲಿ ಬಣ್ಣ ಹೋಯಿತು ಅಂತ ಸೋಂಕಿಲ್ಲ ಎಂದು ತಿಳಿಯಬಾರದು.

ಕೊನೆಯದು ಬೆರಳು. ಕೈ ತೊಳೆದು ಸವರಿ ನೋಡಿ. ಸಪಾಟಾಗಿದೆಯೇ, ತರಿತರಿ ಇದೆಯೇ, ಗಟ್ಟಿ ಗಂಟು ಸಿಗುತ್ತದೆಯೇ, ಪುಡಿ ಉದುರುತ್ತದೆಯೇ?

ಕೆಂಪು ಇಳಿಯುತ್ತಿದೆ, ಗಡಿಯೊಳಗಿದೆ, ಸಪಾಟಾಗಿದೆ, ನೋವು ತುರಿಕೆ ಇಲ್ಲ. ಇಷ್ಟು ಸರಿಯಿದ್ದರೆ ಕಾಯುವುದೇ ಚಿಕಿತ್ಸೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಗೊತ್ತು.

ತುರಿಕೆ, ಉರಿ, ಗಡಿ ದಾಟಿದ ಕೆಂಪು: ಹಚ್ಚುತ್ತಿರುವುದರ ಮೇಲೆ ಕಣ್ಣಿಡಿ

ಮಾಯುತ್ತಿರುವ ಚರ್ಮದ ಮೇಲ್ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೊದಲು ಏನೂ ಮಾಡದಿದ್ದ ಸೋಪು ಈಗ ಉರಿ ತರಬಹುದು. ಇದರಲ್ಲಿ ಎರಡು ಬಗೆ. ಸುಮ್ನೆ ಕೆರಳುವುದು ಒಂದು: ಹಚ್ಚಿದ ಸ್ವಲ್ಪ ಹೊತ್ತಿಗೇ ಉರಿ, ಬಿಗಿತ. ನಿಜವಾದ ಅಲರ್ಜಿ ಇನ್ನೊಂದು: ಇದು ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಡವಾಗಿ ಏಳುತ್ತದೆ, ತುರಿಕೆಯೇ ಮುಖ್ಯ ಲಕ್ಷಣ. ತಡವಾಗಿ ಬರುವುದರಿಂದಲೇ ಜನ ತಪ್ಪು ವಸ್ತುವನ್ನು ದೂರುತ್ತಾರೆ. ಸೋಮವಾರ ಹಚ್ಚಿದ್ದು ಬುಧವಾರ ತುರಿಸುತ್ತದೆ, ಬೈಗುಳ ಬುಧವಾರ ಬಳಸಿದ ಶಾಂಪೂವಿಗೆ.

ಹೆಚ್ಚು ಅನುಮಾನ ಪಡಬೇಕಾದವು ಇವು. ನಿಯೋಮೈಸಿನ್, ಬ್ಯಾಸಿಟ್ರಾಸಿನ್ ಇರುವ ಆಂಟಿಬಯಾಟಿಕ್ ಮುಲಾಮು. ಗಾಯಕ್ಕೆ ಒಳ್ಳೆಯದು ಎಂದೇ ಹಚ್ಚುವ ಇವೆರಡೂ ಅಲರ್ಜಿಗೆ ಹೆಸರಾದವು. ಸುವಾಸನೆ ಹಾಕಿದ ಗಡ್ಡದ ಎಣ್ಣೆ, ಟೀ ಟ್ರೀ ಎಣ್ಣೆ, ಲ್ಯಾನೊಲಿನ್, ವಿಟಮಿನ್ ಇ ಎಣ್ಣೆ. "ನ್ಯಾಚುರಲ್" ಅಂತ ಬರೆದಿದ್ದರೆ ಅಲರ್ಜಿ ಬರುವುದಿಲ್ಲ ಅನ್ನುವುದು ಸುಳ್ಳು. ಆಮೇಲೆ ಕೂದಲು ಬೆಳೆಯಲೆಂದು ಹಚ್ಚುವ ಮಿನಾಕ್ಸಿಡಿಲ್. ಇದರ ದ್ರವರೂಪದಲ್ಲಿ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ ಇರುತ್ತದೆ, ಎಷ್ಟೋ ಜನರಿಗೆ ಕೆಂಪು, ತುರಿಕೆ, ಹೊಟ್ಟು ತರುವುದು ಅದೇ. ಫೋಮ್ ರೂಪದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಮಿನಾಕ್ಸಿಡಿಲ್ ತಾನೇ ರಕ್ತನಾಳ ಹಿಗ್ಗಿಸುವ ಔಷಧ ಎಂಬುದೂ ತಿಳಿದಿರಲಿ. ಮತ್ತೆ ಶುರು ಮಾಡಿದ ವಾರದಲ್ಲೇ ಕೆಂಪು ಏರಿದ್ದರೆ ಬೇರೆಲ್ಲೂ ಹುಡುಕುವುದು ಬೇಡ, ವೈದ್ಯರಿಗೆ ಹೇಳಿ.

ಮನೆಯಲ್ಲೇ ಖಾತ್ರಿ ಮಾಡಿಕೊಳ್ಳುವ ದಾರಿ ಒಂದೇ. ವೈದ್ಯರು ಬರೆದುಕೊಟ್ಟದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಿಲ್ಲಿಸಿ. ಬರೆದುಕೊಟ್ಟದ್ದರ ಮೇಲೇ ಅನುಮಾನವಿದ್ದರೆ ಅವರನ್ನೇ ಕೇಳಿ ನಿಲ್ಲಿಸಿ. ಎರಡು ವಾರ ಉಗುರುಬೆಚ್ಚಗಿನ ನೀರು, ಸುವಾಸನೆಯಿಲ್ಲದ ಮೆದು ಕ್ಲೆನ್ಸರ್, ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್. ಅಷ್ಟೇ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಕೆಂಪು ಇಳಿದರೆ ಕಾರಣ ನಿಲ್ಲಿಸಿದ್ದರಲ್ಲೇ ಇರಬಹುದು. ಬೇಕೇ ಬೇಕಾದ್ದನ್ನು ಒಂದೊಂದಾಗಿ, ನಡುವೆ ಒಂದು ವಾರ ಬಿಟ್ಟು ಮತ್ತೆ ಸೇರಿಸಿ. ಒಟ್ಟಿಗೆ ಎರಡು ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಎಷ್ಟು ಮಾಡಿದರೂ ಗೊತ್ತಾಗದಿದ್ದರೆ ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್ ಇದೆ.

ಒಳಗೆ ತೆಗೆದುಕೊಳ್ಳುವ ಮಾತ್ರೆಗಳನ್ನೂ ಒಮ್ಮೆ ನೋಡಿ. ನಿಯಾಸಿನ್ ಇರುವ ವಿಟಮಿನ್ ಮಾತ್ರೆ, ಬಿಪಿಯ ಕೆಲವು ಮಾತ್ರೆ ಮುಖ ಕೆಂಪಾಗಿಸುತ್ತವೆ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಹಚ್ಚಿದರೆ ಕಡಿಮೆ, ಬಿಟ್ಟರೆ ಜಾಸ್ತಿ

ಈ ಗುರುತಿಗೆ ಪ್ರತ್ಯೇಕ ಜಾಗ ಬೇಕು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಸ್ಟೀರಾಯ್ಡ್ ಇರುವ ಕ್ರೀಮ್ ಹಚ್ಚಿದ ಎರಡೇ ದಿನಕ್ಕೆ ಕೆಂಪು ಮಾಯವಾಗಬಹುದು. ಅದರಷ್ಟು ಖುಷಿ ಕೊಡುವ, ಅದರಷ್ಟೇ ಮೋಸ ಮಾಡುವ ಟ್ಯೂಬ್ ಇನ್ನೊಂದಿಲ್ಲ. ಸ್ಟೀರಾಯ್ಡ್ ರಕ್ತನಾಳವನ್ನು ಬಿಗಿ ಹಿಡಿಯುತ್ತದೆ. ಬಿಟ್ಟ ಕೂಡಲೇ ಅವು ಮೊದಲಿಗಿಂತ ಹೆಚ್ಚು ಹಿಗ್ಗಬಹುದು. ಕೆಂಪು ಮರಳಿತು ಅಂತ ಮತ್ತೆ ಹಚ್ಚುತ್ತೀರಿ. ಹೀಗೆ ವಾರಗಟ್ಟಲೆ ನಡೆದರೆ ಮುಖದ ತೆಳು ಚರ್ಮ ಇನ್ನೂ ತೆಳುವಾಗುತ್ತದೆ, ದಾರದಂಥ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆಯಂಥ ಗುಳ್ಳೆ ಏಳುತ್ತದೆ. ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆಗಳು ಎದ್ದು, ತುಟಿಯ ಅಂಚಿಗೆ ಅಂಟಿದ ತೆಳು ಪಟ್ಟಿಯೊಂದು ಮಾತ್ರ ಸ್ವಚ್ಛವಾಗಿ ಉಳಿದಿದ್ದರೆ ಸ್ಟೀರಾಯ್ಡಿನ ಮೇಲೇ ಮೊದಲ ಅನುಮಾನ.

ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವ ಹೆಸರುಗಳನ್ನು ಓದಿ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಮದ್ದು ಮೂರನ್ನೂ ಸೇರಿಸಿದ ಕ್ರೀಮುಗಳಿವೆ. ಅದನ್ನು ಮಾಮೂಲಿ ಮುಲಾಮು ಅಂದುಕೊಂಡು ಹಚ್ಚುವವರು ತುಂಬಾ. ವಾರಗಟ್ಟಲೆ ಹಚ್ಚಿದ್ದನ್ನು ಒಮ್ಮೆಗೇ ಬಿಟ್ಟರೆ ಮುಖ ಕೆಂಡವಾಗಬಹುದು. ಹೇಗೆ ಬಿಡಬೇಕೆಂದು ತಜ್ಞರನ್ನೇ ಕೇಳಿ. ಕಸಿಯ ನಂತರ ವೈದ್ಯರು ಕೆಲವೇ ದಿನಕ್ಕೆ ಎಂದು ಕೊಡುವ ಸೌಮ್ಯ ಸ್ಟೀರಾಯ್ಡ್ ಬೇರೆ ವಿಷಯ. ಅವರು ಹೇಳಿದ ದಿನಕ್ಕೆ ನಿಲ್ಲಿಸಿದರೆ ಸಮಸ್ಯೆಯಿಲ್ಲ.

ಕೂದಲಿನ ಬುಡದಲ್ಲಿ ಗುಳ್ಳೆ

ಕೆಂಪು ಎಲ್ಲ ಕಡೆ ಹರಡದೆ ಚುಕ್ಕೆ ಚುಕ್ಕೆಯಾಗಿ ಬುಡದಲ್ಲೇ ಇದ್ದು ಕೆಲವದರ ತುದಿಯಲ್ಲಿ ಬಿಳಿ ಕಂಡರೆ ಅದು ಬುಡದ ಉರಿಯೂತ. ಯಾವಾಗ ಶುರುವಾಯಿತು ಎಂಬುದನ್ನು ನೋಡಿ. ಎರಡನೇ ತಿಂಗಳಿಂದ ನಾಲ್ಕನೇ ತಿಂಗಳವರೆಗೆ ಅಲ್ಲೊಂದು ಇಲ್ಲೊಂದು ಎದ್ದರೆ ಹೊಸ ಕೂದಲು ಹೊರಗೆ ಬರಲು ದಾರಿ ಹುಡುಕುತ್ತಿರಬಹುದು. ಗಡ್ಡದಲ್ಲಿ ಕೂದಲನ್ನು ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿದ ಕೋನದಲ್ಲಿ ನೆಡುತ್ತಾರೆ, ಅದಕ್ಕೇ ತುದಿ ಚರ್ಮದೊಳಗೇ ಸಿಕ್ಕಿಕೊಳ್ಳುವುದುಂಟು. ಗುಂಗುರು ಕೂದಲಿನವರಲ್ಲಿ ಇದು ಜಾಸ್ತಿ. ಶುಭ್ರ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ದಿನಕ್ಕೆರಡು ಸಲ ಕೆಲ ನಿಮಿಷ ಇಟ್ಟರೆ ಸಾಮಾನ್ಯವಾಗಿ ಸಾಕು. ಸೂಜಿ, ಚಿಮಟ ಹಿಡಿದು ಕೆದಕಿದರೆ ಗ್ರಾಫ್ಟೂ ಹೋಗಬಹುದು, ಕಲೆಯೂ ಉಳಿಯಬಹುದು. ಗುಳ್ಳೆ ಹೆಚ್ಚುತ್ತಾ ಹೋದರೆ, ನೋಯುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು, ತೋರಿಸಿ.

ಶೇವಿಂಗ್ ಶುರು ಮಾಡಿದ ಮೇಲೆ ಕೆಂಪು ಮರಳಿದ್ದರೆ ಬ್ಲೇಡು ಬಿಟ್ಟು ಟ್ರಿಮ್ಮರಿಗೆ ಬನ್ನಿ, ಅದೂ ಚರ್ಮಕ್ಕೆ ಒತ್ತದೆ. ಮೊದಲ ಒಂದು ತಿಂಗಳು ಬ್ಲೇಡು ಬೇಡ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಹಳೆಯ ತೊಂದರೆ, ಹೊಸ ಜಾಗ

ಕಸಿಗಿಂತ ಮೊದಲೇ ಇದ್ದ ಚರ್ಮದ ತೊಂದರೆ ಈಗ ಎದ್ದು ಕಾಣುತ್ತಿರಬಹುದು. ಮೂಗಿನ ಪಕ್ಕದ ಮಡಿಕೆ, ಹುಬ್ಬು, ತಲೆಯಲ್ಲೂ ಜಿಡ್ಡಿನ ಹೊಟ್ಟು ಇದ್ದರೆ ಗಡ್ಡದ ಕೆಂಪೂ ಅದರದ್ದೇ ಆಗಿರಬಹುದು. ಕೀಟೋಕೊನಜೋಲ್ ಶಾಂಪೂವಿಗೆ ಅದು ಬಗ್ಗುತ್ತದೆ, ಯಾವಾಗ ಶುರು ಮಾಡಬೇಕೆಂದು ಕೇಳಿಕೊಳ್ಳಿ. ಬಿಸಿಲು, ಬಿಸಿ ಪಾನೀಯ, ಮದ್ಯಕ್ಕೆ ಮುಖದ ನಡುಭಾಗ ಬೇಗ ಕೆಂಪೇರುವ ಅಭ್ಯಾಸ ಮೊದಲಿಂದಲೂ ಇದ್ದರೆ ಅದು ರೊಸೇಸಿಯ ಎಂಬ ಚರ್ಮದ ತೊಂದರೆ ಇರಬಹುದು. ಅಂಥವರಲ್ಲಿ ಕಸಿಯ ಕೆಂಪು ಮಿಕ್ಕವರಿಗಿಂತ ಹೆಚ್ಚು ದಿನ ಎಳೆಯುತ್ತದೆ. ಉಂಗುರದ ಆಕಾರ, ಅಂಚಿನಲ್ಲಿ ಪುಡಿ, ಒಂದೇ ಕಡೆ ಹರಡುತ್ತಿದ್ದರೆ ಹುಳುಕಡ್ಡಿ, ಅಂದರೆ ಚರ್ಮದ ಫಂಗಸ್ ಸೋಂಕು, ಇರಬಹುದು. ಸ್ಟೀರಾಯ್ಡ್ ಹಚ್ಚಿದ್ದರೆ ಆ ಉಂಗುರವೂ ಅಳಿಸಿಹೋಗಿ ಗುರುತೇ ಸಿಗದಂತಾಗುತ್ತದೆ. ಆಗ ಚರ್ಮದ ಪುಡಿ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾಗುತ್ತದೆ.

ಕಂದು ಕಲೆ, ಗಟ್ಟಿ ಗಂಟು

ಗಾಜು ಒತ್ತಿದರೂ ಹೋಗದ ಕಂದು ಬಣ್ಣ ಉರಿಯೂತ ಬಿಟ್ಟುಹೋದ ಕಲೆ. ಕಪ್ಪು ಮೈಬಣ್ಣದವರಲ್ಲಿ ಸಾಮಾನ್ಯ, ತಿಂಗಳುಗಟ್ಟಲೆ ಇರುತ್ತದೆ, ಬಿಸಿಲು ಬಿದ್ದಷ್ಟೂ ಗಾಢವಾಗುತ್ತದೆ. ಕೆಂಪಿಗೆ ಕೊಡುವ ಚಿಕಿತ್ಸೆ ಇದಕ್ಕೆ ಹಿಡಿಯುವುದಿಲ್ಲ.

ಬೆರಳಿಗೆ ಗಟ್ಟಿಯಾಗಿ, ಉಬ್ಬಿದಂತೆ ಸಿಗುತ್ತಿದ್ದು ತುರಿಸುತ್ತಾ ವಾರ ವಾರಕ್ಕೂ ದಪ್ಪವಾಗುತ್ತಿದ್ದರೆ ಉಬ್ಬುಗಲೆ ಅಥವಾ ಕೆಲಾಯ್ಡ್ (ಗಾಯದ ಗಡಿ ದಾಟಿ ಬೆಳೆಯುವ ಉಬ್ಬುಗಲೆ) ಶುರುವಾಗಿರಬಹುದು. ದವಡೆಯಂಚು ಇದಕ್ಕೆ ಇಷ್ಟದ ಜಾಗಗಳಲ್ಲಿ ಒಂದು. ಇದನ್ನು ಬೇಗ ತೋರಿಸಿದಷ್ಟೂ ಚುಚ್ಚುಮದ್ದಿಗೆ ಬಗ್ಗುವುದು ಸುಲಭ.

ಮಾಮೂಲಿ ಕೆಂಪೇ ಆಗಿದ್ದರೆ ಏನು ಮಾಡಬಹುದು

ಬಿಸಿಲು ತಪ್ಪಿಸುವುದೇ ಎಲ್ಲಕ್ಕಿಂತ ಮುಖ್ಯ. ಮೊದಲ ವಾರಗಳಲ್ಲಿ ನೆರಳು, ಅಗಲ ಅಂಚಿನ ಟೋಪಿ. ಗಾಯ ಪೂರ್ತಿ ಮುಚ್ಚಿದ ಮೇಲೆ ವೈದ್ಯರು ಒಪ್ಪಿದ ದಿನದಿಂದ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್ ಇರುವಂಥದ್ದು ಚರ್ಮ ಕೆರಳಿಸುವುದು ಕಡಿಮೆ. ಒಂದು ತಿಂಗಳು ದಾಟಿದ ಮೇಲೆ, ಉರಿ ತುರಿಕೆ ಏನೂ ಇಲ್ಲದಿದ್ದರೆ, ನಿಯಾಸಿನಮೈಡ್ ಅಥವಾ ಅಜೆಲಾಯಿಕ್ ಆಸಿಡ್ ಇರುವ, ಕೆಂಪಿಗೆ ಹಚ್ಚುವ ಕ್ರೀಮ್ ಬಗ್ಗೆ ವೈದ್ಯರನ್ನು ಕೇಳಬಹುದು. ಅಜೆಲಾಯಿಕ್ ಆಸಿಡ್ ಶುರುವಿನಲ್ಲಿ ಚುರುಗುಟ್ಟುತ್ತದೆ, ಹಾಗಾಗಿ ಒಂದು ಸಣ್ಣ ಜಾಗದಲ್ಲಿ ಹಚ್ಚಿ ನೋಡಿ. ರೆಟಿನಾಯ್ಡ್ (ವಿಟಮಿನ್ ಎ ಬಗೆಯ ಕ್ರೀಮ್), ಸ್ಕ್ರಬ್, ಹಣ್ಣಿನ ಆಸಿಡ್, ಆಲ್ಕೋಹಾಲ್ ಇರುವ ಆಫ್ಟರ್‌ಶೇವ್ ಸದ್ಯಕ್ಕೆ ದೂರ ಇರಲಿ. ಆಫೀಸು, ಮದುವೆ ಅಂತ ಅವಸರ ಇದ್ದರೆ, ಗಾಯ ಮುಚ್ಚಿದ ಮೇಲೆ ಹಸಿರು ಛಾಯೆಯ ಕನ್ಸೀಲರ್ ಕೆಂಪನ್ನು ಮರೆಮಾಡುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಆದರೆ ರಾತ್ರಿ ಉಜ್ಜಿ ತೆಗೆಯಬಾರದು.

ಲೇಸರ್ ಬಗ್ಗೆ ಒಂದು ಎಚ್ಚರಿಕೆ. ರಕ್ತನಾಳದ ಕೆಂಪಿಗೆ 595 ನ್ಯಾನೋಮೀಟರಿನ ಪಲ್ಸ್ಡ್ ಡೈ ಲೇಸರ್ ಬಳಸುತ್ತಾರೆ. ಐಪಿಎಲ್ ಎಂಬ ಬೆಳಕಿನ ಚಿಕಿತ್ಸೆಯೂ ಇದೆ. ಆದರೆ ಐಪಿಎಲ್ಲನ್ನೇ ಕೂದಲು ತೆಗೆಯುವುದಕ್ಕೂ ಬಳಸುತ್ತಾರೆ! ಅದರ ಬೆಳಕನ್ನು ಕೂದಲಿನ ಕಪ್ಪು ಬಣ್ಣ ಹೀರಿಕೊಳ್ಳುತ್ತದೆ, ಆ ಬಿಸಿಗೆ ಬುಡ ಸುಟ್ಟುಹೋಗಬಹುದು. ಕೆಂಪು ಹೋಗಲಿ ಅಂತ ಹೋಗಿ ನೆಟ್ಟ ಗಡ್ಡವನ್ನೇ ಕಳೆದುಕೊಂಡರೆ ಹೇಗೆ? ಮುಖದ ಕೆಂಪಿಗೆ ಯಾವುದೇ ಲೇಸರ್ ಮಾಡಿಸುವ ಮೊದಲು ಅಲ್ಲಿ ಕಸಿಯ ಕೂದಲಿದೆ ಎಂದು ಬಾಯಿಬಿಟ್ಟು ಹೇಳಿ, ಯಾವ ಯಂತ್ರ ಎಂದು ಕೇಳಿ. ಕಸಿ ಮಾಡಿದ ವೈದ್ಯರ ಒಪ್ಪಿಗೆಯಿಲ್ಲದೆ ಕೂರಬೇಡಿ.

ಮೂರು ತಿಂಗಳಾದರೂ ಇಳಿಯುವ ಸೂಚನೆಯೇ ಇಲ್ಲದಿದ್ದರೆ, ಅಥವಾ ಇಳಿದು ಮತ್ತೆ ಏರುತ್ತಿದ್ದರೆ, ಚರ್ಮರೋಗ ತಜ್ಞರನ್ನು ನೋಡಿ. ಹೋಗುವಾಗ ವಾರವಾರದ ಫೋಟೊಗಳನ್ನೂ, ಹಚ್ಚಿದ ಎಲ್ಲ ಟ್ಯೂಬು ಬಾಟಲಿಗಳನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ. ಅವತ್ತು ಬೆಳಿಗ್ಗೆ ಮುಖಕ್ಕೆ ಏನೂ ಹಚ್ಚಬೇಡಿ.